ಕೆಟ್ಟ ದಿನ ಒಂದು, ಗೊತ್ತಾದ ದಿನ ಇನ್ನೊಂದು

ಬ್ಯಾಕಪ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಡಿಸ್ಕಿನ ಬಗ್ಗೆ. ಎಷ್ಟು ದೊಡ್ಡದು ತಗೊಳ್ಳಬೇಕು, ಯಾವುದು ಬಾಳಿಕೆ ಬರುತ್ತದೆ, ಕ್ಲೌಡ್‌ನಲ್ಲಿ ಇಟ್ಟರೆ ಸಾಲದಾ. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇದಕ್ಕೂ ಮುಂಚೆ ಇನ್ನೊಂದು ಕೇಳಿಕೊಳ್ಳಬೇಕು. ನಿಮ್ಮ ಕಂಪ್ಯೂಟರ್‌ನಲ್ಲಿ ಇವತ್ತು ಏನೋ ಒಂದು ಕೆಟ್ಟುಹೋಯಿತು ಅಂದುಕೊಳ್ಳಿ. ಅದು ನಿಮಗೆ ಯಾವತ್ತು ಗೊತ್ತಾಗುತ್ತದೆ?

ಪರದೆಯನ್ನು ನಡೆಸುವ ಡಿಸ್‌ಪ್ಲೇ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಕೆಟ್ಟರೆ ಆ ನಿಮಿಷಕ್ಕೇ ಗೊತ್ತಾಗುತ್ತದೆ, ಪರದೆ ಕಪ್ಪಾಗಿರುತ್ತದೆ. ಎಕ್ಸೆಲ್ ಶೀಟ್‌ನಲ್ಲಿ ಒಂದು ಕಾಲಮ್ ಕೈತಪ್ಪಿ ಅಳಿಸಿ ಹಾಗೇ ಸೇವ್ ಆಗಿದ್ದರೆ, ಆ ಶೀಟ್ ಮತ್ತೆ ಬೇಕಾಗುವ ದಿನದವರೆಗೂ ಗೊತ್ತಾಗುವುದಿಲ್ಲ. ಅದು ಮುಂದಿನ ವಾರ ಇರಬಹುದು, ವರ್ಷದ ಲೆಕ್ಕ ಮುಗಿಸುವ ಹೊತ್ತೂ ಇರಬಹುದು. ಇನ್ನು ಹಳೆಯ ಫೋಟೋಗಳ ಕಥೆ ಬೇರೆಯೇ. ಯಾವುದೋ ಫೋಲ್ಡರ್‌ನಲ್ಲಿ ಹತ್ತಾರು ಚಿತ್ರಗಳು ಅರ್ಧಕ್ಕೇ ಬೂದಿ ಬಣ್ಣಕ್ಕೆ ತಿರುಗಿವೆ ಅಂತ ತಿಳಿಯಬೇಕಾದರೆ ಯಾರಾದರೂ ಅದನ್ನು ತೆರೆದು ನೋಡಬೇಕಲ್ವಾ? ವರ್ಷಗಟ್ಟಲೆ ಯಾರೂ ನೋಡುವುದಿಲ್ಲ.

ಕೆಟ್ಟ ದಿನಕ್ಕೂ ಗೊತ್ತಾದ ದಿನಕ್ಕೂ ನಡುವಿನ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ರಿಸ್ಟೋರ್ ಪಾಯಿಂಟ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವುದಕ್ಕೆ ಹಾಕಿಟ್ಟ ಗುರುತು) ಯಾಕೆ, ಬ್ಯಾಕಪ್ ಯಾಕೆ, ಎರಡೂ ಇದ್ದರೂ ಕೆಲವರು ಯಾಕೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ ಅನ್ನುವುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ರಿಸ್ಟೋರ್ ಪಾಯಿಂಟ್ ಇರುವುದು ತೀರಾ ಚಿಕ್ಕ ಅಂತರಕ್ಕೆ. 2000ನೇ ಇಸವಿಯಲ್ಲಿ ವಿಂಡೋಸ್ ಎಂಇ ಜೊತೆ ಬಂದ ಸೌಲಭ್ಯ ಇದು. ವಿಂಡೋಸ್ ವಿಸ್ಟಾದಿಂದೀಚೆಗೆ ಇದು ನಡೆಯುವುದು ಶ್ಯಾಡೋ ಕಾಪಿ ಅನ್ನುವ ವ್ಯವಸ್ಥೆಯ ಮೇಲೆ. ರಿಸ್ಟೋರ್ ಪಾಯಿಂಟ್ ಮಾಡಿದಾಗ ಇಡೀ ಡಿಸ್ಕಿನ ನಕಲು ತಯಾರಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಆ ಕ್ಷಣವನ್ನು ವಿಂಡೋಸ್ ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಡಿಸ್ಕಿನ ಯಾವುದಾದರೂ ಭಾಗ ಬದಲಾಗುವುದಕ್ಕೆ ಹೊರಟಾಗ, ಬದಲಾಗುವ ಮುಂಚೆ ಅಲ್ಲಿದ್ದ ಹಳೆಯ ಮಾಹಿತಿಯನ್ನು 16 ಕಿಲೋಬೈಟ್‌ಗಳ ತುಂಡುಗಳಾಗಿ ಎತ್ತಿ ಪಕ್ಕಕ್ಕಿಡುತ್ತದೆ. ಹಿಂದಕ್ಕೆ ಹೋಗು ಅಂದಾಗ ಆ ತುಂಡುಗಳ ಸಹಾಯದಿಂದ ಅವತ್ತಿನ ಸ್ಥಿತಿಯನ್ನು ಮತ್ತೆ ಜೋಡಿಸುತ್ತದೆ. ಹಾಗಾಗಿಯೇ ಪಾಯಿಂಟ್ ಮಾಡುವುದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ, ಜಾಗವೂ ಒಮ್ಮೆಲೇ ಹೋಗುವುದಿಲ್ಲ. ಇದರಿಂದಲೇ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಪಕ್ಕಕ್ಕಿಟ್ಟ ಆ ತುಂಡುಗಳು ಇರುವುದು ಅದೇ ಡ್ರೈವ್‌ನಲ್ಲಿ, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅನ್ನುವ ಮರೆಯಾಗಿರುವ ಫೋಲ್ಡರ್‌ನಲ್ಲಿ. ಡ್ರೈವ್ ಸತ್ತರೆ ಪಾಯಿಂಟುಗಳೂ ಅದರ ಜೊತೆಗೇ ಹೋದವು.

ಮೊದಲು ಮಾಡಬೇಕಾದ ಕೆಲಸ, ಇದು ನಿಮ್ಮ ಕಂಪ್ಯೂಟರ್‌ನಲ್ಲಿ ಚಾಲೂ ಇದೆಯಾ ಅಂತ ನೋಡುವುದು. ವಿಂಡೋಸ್ 10 ಮತ್ತು 11ರಲ್ಲಿ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇದು ಆಫ್ ಆಗಿಯೇ ಇರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಹುಡುಕಿ. ಹಳೆಯ ಕಾಲದ ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ಡ್ರೈವ್‌ಗಳ ಪಟ್ಟಿ, ಒಂದೊಂದರ ಎದುರೂ ಆನ್ ಅಥವಾ ಆಫ್. ಸಿ ಡ್ರೈವ್ ಆಫ್ ಇದ್ದರೆ ಕನ್ಫಿಗರ್ ಒತ್ತಿ ಆನ್ ಮಾಡಿ, ಕೆಳಗಿರುವ ಸ್ಲೈಡರ್ ಎಳೆದು ಎಷ್ಟು ಜಾಗ ಕೊಡಬಹುದು ಅಂತ ಹೇಳಿ. ತೀರಾ ಜಿಪುಣತನ ಮಾಡಬೇಡಿ. ಆ ಜಾಗ ತುಂಬಿದ ಮೇಲೆ ಹಳೆಯ ಪಾಯಿಂಟುಗಳು ಒಂದೊಂದಾಗಿ ಅಳಿಸಿಹೋಗುತ್ತವೆ, ಅದಕ್ಕೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಜಾಗ ತೀರಾ ಕಡಿಮೆ ಇದ್ದರೆ ಒಂದು ದೊಡ್ಡ ಅಪ್‌ಡೇಟ್ ಬಂದು ಹೋಗುವಷ್ಟರಲ್ಲಿ ಹಳೆಯದೆಲ್ಲ ಖಾಲಿ. ಡಿಸ್ಕ್ ತುಂಬಿತು ಅಂತ ಸುಮ್ನೆ ಒಮ್ಮೆ ಆಫ್ ಮಾಡಿ ಆನ್ ಮಾಡುವವರೂ ಇದ್ದಾರೆ. ಆಫ್ ಮಾಡಿದ ಕೂಡಲೇ ಆ ಡ್ರೈವ್‌ನ ಎಲ್ಲ ಪಾಯಿಂಟುಗಳೂ ಅಳಿಸಿಹೋಗುತ್ತವೆ.

ಜಾಗ ಎಷ್ಟೇ ಕೊಟ್ಟರೂ ವಯಸ್ಸಿಗೂ ಒಂದು ಮಿತಿ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, 2025ರ ಜೂನ್ ಅಪ್‌ಡೇಟ್‌ನ ನಂತರ, ಒಂದು ರಿಸ್ಟೋರ್ ಪಾಯಿಂಟ್ ಹೆಚ್ಚೆಂದರೆ 60 ದಿನ ಉಳಿಯುತ್ತದೆ. ನನಗೆ ಇದು ತಪ್ಪು ಅಂತ ಅನ್ನಿಸುವುದಿಲ್ಲ. ಎರಡು ತಿಂಗಳು ಹಳೆಯದಾದ ಪಾಯಿಂಟಿಗೆ ಹೋದರೆ ಆ ಎರಡು ತಿಂಗಳಲ್ಲಿ ಬಂದ ಸೆಕ್ಯೂರಿಟಿ ಅಪ್‌ಡೇಟ್‌ಗಳು, ಹಾಕಿಕೊಂಡ ಪ್ರೋಗ್ರಾಮ್‌ಗಳು ಎಲ್ಲವೂ ಹೋಗುತ್ತವೆ. ಅಷ್ಟು ಹಿಂದಕ್ಕೆ ಹೋಗುವ ಬದಲು ಬೇರೆ ದಾರಿ ನೋಡುವುದೇ ವಾಸಿ.

ಪಾಯಿಂಟುಗಳು ತಾವಾಗಿಯೇ ಆಗುತ್ತವೆ ಅಂತ ಪೂರ್ತಿ ನಂಬಿಕೊಂಡು ಕೂರಬಾರದು. ವಿಂಡೋಸ್ ಅಪ್‌ಡೇಟ್, ಕೆಲವು ಇನ್‌ಸ್ಟಾಲರ್‌ಗಳು, ಡ್ರೈವರ್‌ಗಳು ಕೆಲಸ ಶುರು ಮಾಡುವ ಮುಂಚೆ ಒಂದು ಪಾಯಿಂಟ್ ಮಾಡು ಅಂತ ಕೇಳುತ್ತವೆ ನಿಜ. ಆದರೆ ವಿಂಡೋಸ್ 8ರಿಂದ ಒಂದು ನಿಯಮ ಇದೆ: ಹಿಂದಿನ 24 ಗಂಟೆಯಲ್ಲಿ ಒಂದು ಪಾಯಿಂಟ್ ಆಗಿದ್ದರೆ, ಪ್ರೋಗ್ರಾಮ್‌ಗಳು ಹೀಗೆ ಕೇಳಿದಾಗ ಹೊಸದು ಆಗುವುದಿಲ್ಲ. ಅಂದರೆ ಬೆಳಿಗ್ಗೆ ಒಂದು ಪ್ರೋಗ್ರಾಮ್ ಹಾಕಿ ಸಂಜೆ ಪ್ರಿಂಟರ್ ಡ್ರೈವರ್ ಹಾಕಿದರೆ ಸಂಜೆಯದಕ್ಕೆ ಪಾಯಿಂಟ್ ಇರಲಿಕ್ಕಿಲ್ಲ. ಹಾಗಾಗಿ ಮುಖ್ಯವಾದ ಏನನ್ನಾದರೂ ಬದಲಾಯಿಸುವ ಮುಂಚೆ ಕೈಯಾರೆ ಒಂದು ಮಾಡಿಬಿಡಿ. ಹೆಸರು ಕೇಳುತ್ತದೆ, ಆಗ 'ಟೆಸ್ಟ್' ಅಂತಲೋ 'ಹೊಸದು' ಅಂತಲೋ ಬರೆದು ಮುಗಿಸಬೇಡಿ. ದಿನಾಂಕ, ಸಮಯ ಅದೇ ಹಾಕಿಕೊಳ್ಳುತ್ತದೆ. ನೀವು ಬರೆಯಬೇಕಾದ್ದು ಮುಂದೆ ಏನು ಮಾಡಲು ಹೊರಟಿದ್ದೀರಿ ಅನ್ನುವುದನ್ನು. 'ಸೌಂಡ್ ಡ್ರೈವರ್ ಬದಲಿಸುವ ಮುಂಚೆ', 'ಹಳೆ ಆಂಟಿವೈರಸ್ ತೆಗೆಯುವ ಮುಂಚೆ', ಈ ತರಹ. ಪಟ್ಟಿಯಲ್ಲಿ ನಾಲ್ಕೈದು ಪಾಯಿಂಟುಗಳು ಎದುರಿಗಿದ್ದಾಗ, ಗಾಬರಿಯಲ್ಲಿ ಆರಿಸಬೇಕಾದಾಗ, ಆ ನಾಲ್ಕು ಪದ ಎಷ್ಟು ಉಪಕಾರ ಮಾಡುತ್ತದೆ ಅಂತ ಅವತ್ತೇ ಗೊತ್ತಾಗುವುದು.

ಹಿಂದಕ್ಕೆ ಹೋಗುವ ಮುಂಚೆ, ಪಾಯಿಂಟುಗಳ ಪಟ್ಟಿ ಇರುವ ಪರದೆಯಲ್ಲೇ 'ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್' ಅಂತ ಒಂದು ಬಟನ್ ಇದೆ. ಅದನ್ನು ಒತ್ತದೆ ಮುಂದುವರಿಯಬೇಡಿ. ಮೇಲಿನ ಅರ್ಧದಲ್ಲಿ ಯಾವ ಪ್ರೋಗ್ರಾಮ್, ಯಾವ ಡ್ರೈವರ್ ಅಳಿಸಿಹೋಗುತ್ತದೆ ಅಂತ ಬರುತ್ತದೆ. ಕೆಳಗಿನ ಅರ್ಧದಲ್ಲಿ ಯಾವುವು ವಾಪಸ್ ಬರಬಹುದು ಅಂತ. ಮೇಲಿನ ಪಟ್ಟಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಏನೇನು ಮತ್ತೆ ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿರಲಿ. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ.

ವಿಂಡೋಸ್ ತೆರೆದುಕೊಳ್ಳುವುದೇ ಇಲ್ಲ ಅಂತಾದರೂ ರಿಸ್ಟೋರ್ ಸಾಧ್ಯ. ಕೆಲವು ಸಲ ಶುರುವಾಗದೆ ಸೋತ ಮೇಲೆ ಕಂಪ್ಯೂಟರ್ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ, ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಮ್ ರಿಸ್ಟೋರ್. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಕಷ್ಟಕ್ಕೆ ಸಿಕ್ಕಿಬೀಳುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಬಹಳಷ್ಟು ಹೊಸ ಕಂಪ್ಯೂಟರ್‌ಗಳಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿರುತ್ತದೆ, ಎಷ್ಟೋ ಸಲ ಮಾಲೀಕರಿಗೆ ಗೊತ್ತೂ ಇರುವುದಿಲ್ಲ. ಅಂಥ ಕಂಪ್ಯೂಟರ್ ರಿಪೇರಿ ಪರದೆಗೆ ಹೋದಾಗ ಬಿಟ್‌ಲಾಕರ್ (ವಿಂಡೋಸ್‌ನ ಈ ಬೀಗದ ಹೆಸರು) ರಿಕವರಿ ಕೀ ಕೇಳಬಹುದು. 48 ಅಂಕಿಗಳು. ನಿಮ್ಮ ಪಾಸ್‌ವರ್ಡ್, ಪಿನ್, ಬೆರಳಚ್ಚು ಯಾವುದೂ ಅಲ್ಲಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಕೀ ಸಾಮಾನ್ಯವಾಗಿ ಆ ಖಾತೆಯಲ್ಲಿ ಇರುತ್ತದೆ. ಆದರೆ ಆ ಖಾತೆಯ ಪಾಸ್‌ವರ್ಡ್ ಸೇವ್ ಆಗಿರುವುದು ಇದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಅಂತಾದರೆ? ಇವತ್ತೇ ಆ ಕೀ ತೆಗೆದು ಕಾಗದದ ಮೇಲೆ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಈ ಬರಹದಿಂದ ಒಂದೇ ಕೆಲಸ ಮಾಡುತ್ತೀರಿ ಅಂದರೆ ಅದು ಇದೇ ಆಗಲಿ ಅಂತ ನಾನು ಹೇಳುತ್ತೇನೆ.

ಇಷ್ಟೆಲ್ಲ ಇದ್ದರೂ ರಿಸ್ಟೋರ್ ಪಾಯಿಂಟ್ ನಿಮ್ಮ ಫೈಲ್‌ಗಳನ್ನು ಕಾಯುವುದಿಲ್ಲ. ಅದರ ಕೆಲಸ ವಿಂಡೋಸ್‌ನ ಫೈಲ್‌ಗಳು, ಅದರ ಸೆಟ್ಟಿಂಗ್‌ಗಳು ಇರುವ ರಿಜಿಸ್ಟ್ರಿ, ಡ್ರೈವರ್‌ಗಳು, ಪ್ರೋಗ್ರಾಮ್‌ಗಳು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಡೆ ಅದು ಕೈ ಹಾಕುವುದಿಲ್ಲ. ಹಾಗೆ ಇರುವುದು ಸರಿಯೇ. ಡ್ರೈವರ್ ಸರಿಮಾಡಲು ಹಿಂದಕ್ಕೆ ಹೋದರೆ ನಿನ್ನೆ ಬರೆದ ಪತ್ರ ಮಾಯವಾಗಬಾರದಲ್ಲ. ಆದರೆ ಇದೇ ಕಾರಣಕ್ಕೆ, ನಿನ್ನೆ ಅಳಿಸಿಹೋದ ಪತ್ರವೂ ಇದರಿಂದ ವಾಪಸ್ ಬರುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1809 ಆವೃತ್ತಿ ಬಂದಾಗ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಫೈಲ್‌ಗಳೇ ಅಳಿಸಿಹೋದವು. ಫೋಲ್ಡರನ್ನು ಬೇರೆ ಡ್ರೈವ್‌ಗೆ ತಿರುಗಿಸಿಕೊಂಡಿದ್ದವರ ಹಳೆಯ ಜಾಗದ ಫೈಲ್‌ಗಳನ್ನು ಅಪ್‌ಡೇಟ್ ಬೇಡದ್ದು ಅಂತ ತಿಳಿದು ತೆಗೆದುಹಾಕಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಆ ಅಪ್‌ಡೇಟ್ ನಿಲ್ಲಿಸಿ ನವೆಂಬರ್‌ನಲ್ಲಿ ಸರಿಪಡಿಸಿ ಮತ್ತೆ ಬಿಟ್ಟಿತು. ಆ ಫೈಲ್‌ಗಳನ್ನು ತರಲು ಪ್ರತ್ಯೇಕ ಬ್ಯಾಕಪ್ ಇದ್ದವರಿಗೆ ತಲೆನೋವೇ ಇರಲಿಲ್ಲ.

ಇನ್ನೊಂದು ಅಪಾಯ ರ್ಯಾನ್ಸಮ್‌ವೇರ್, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ಪ್ರೋಗ್ರಾಮ್. 2017ರ ಮೇ ತಿಂಗಳಲ್ಲಿ ಲೋಕವೆಲ್ಲ ಹರಡಿದ ವಾನಾಕ್ರೈ ಫೈಲ್‌ಗಳಿಗೆ ಬೀಗ ಹಾಕಿದ್ದಷ್ಟೇ ಅಲ್ಲ, ವಿಂಡೋಸ್‌ನದೇ ಕಮಾಂಡ್ ಬಳಸಿ ಶ್ಯಾಡೋ ಕಾಪಿಗಳನ್ನೂ ಅಳಿಸುತ್ತಿತ್ತು. ಈಗಿನವು ಬಹುಪಾಲು ಅದನ್ನೇ ಮಾಡುತ್ತವೆ. ಒಳಗೇ ಇರುವ ಪಾಯಿಂಟುಗಳು ಒಳಗೆ ನುಗ್ಗಿದವರ ಕೈಗೂ ಸಿಗುತ್ತವೆ.

ಹಾಗಾದರೆ ದೊಡ್ಡ ಅಂತರಕ್ಕೆ ಏನು?

ತಿಂಗಳಿಗೊಮ್ಮೆ ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ, ಫೋಲ್ಡರ್ ಎಳೆದು ಹಾಕಿ, 'ರಿಪ್ಲೇಸ್' ಅಂತ ಒತ್ತಿ ಮುಗಿಸುವುದು ಬಹಳ ಮನೆಗಳ ಅಭ್ಯಾಸ. ಏನೂ ಮಾಡದಿರುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಇದರಲ್ಲಿ ಇರುವುದು ಒಂದೇ ದಿನದ ಸ್ಥಿತಿ, ಕೊನೆಯ ಸಲ ನಕಲು ಮಾಡಿದ ದಿನದ್ದು. ಕಾಲಮ್ ಅಳಿಸಿಹೋದ ಆ ಎಕ್ಸೆಲ್ ಶೀಟ್ ನೆನಪಿಸಿಕೊಳ್ಳಿ. ಅಳಿಸಿದ್ದು ಮಾರ್ಚ್‌ನಲ್ಲಿ, ಗೊತ್ತಾಗಿದ್ದು ಜೂನ್‌ನಲ್ಲಿ. ನಡುವೆ ಏಪ್ರಿಲ್, ಮೇ ಎರಡೂ ಸಲ ನೀವು ಶ್ರದ್ಧೆಯಿಂದ ಕೆಟ್ಟ ಶೀಟನ್ನೇ ಒಳ್ಳೆಯದರ ಮೇಲೆ ಹಾಕಿದ್ದೀರಿ. ನಿಮ್ಮ ಶ್ರದ್ಧೆಯೇ ಒಳ್ಳೆಯ ಪ್ರತಿಯನ್ನು ತಿಂದುಹಾಕಿತು. ವಿಂಡೋಸ್‌ನ ನಕಲು ಮಾಡುವ ಸಾಧನವಾದ ರೋಬೋಕಾಪಿಯಲ್ಲಿ ಮಿರರ್ ಆಯ್ಕೆ ಹಾಕುವವರು ಇನ್ನೂ ಹುಷಾರಾಗಿರಬೇಕು, ಮೂಲದಲ್ಲಿ ಇಲ್ಲದ್ದನ್ನು ಅದು ನಕಲಿನಿಂದಲೂ ತೆಗೆದುಹಾಕುತ್ತದೆ.

ಫೋಲ್ಡರನ್ನು ಇಂಟರ್ನೆಟ್‌ನಲ್ಲಿರುವ ಪ್ರತಿಯ ಜೊತೆ ಸದಾ ಒಂದೇ ಆಗಿಡುವ ಕ್ಲೌಡ್ ಸಿಂಕ್‌ನಲ್ಲೂ ಇದೇ ತೊಂದರೆ, ವೇಗ ಮಾತ್ರ ಜಾಸ್ತಿ. ಇಲ್ಲಿ ಅಳಿಸಿದ್ದು ಕೆಲವೇ ಕ್ಷಣದಲ್ಲಿ ಅಲ್ಲೂ ಅಳಿಸಿಹೋಗುತ್ತದೆ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲೂ ಗೂಗಲ್ ಡ್ರೈವ್‌ನಲ್ಲೂ ಅಳಿಸಿದ ಫೈಲ್ ಕಸದ ಬುಟ್ಟಿಯಲ್ಲಿ ಇರುವುದು 30 ದಿನ. 31ನೇ ದಿನ ನೆನಪಾದರೆ ಆಯಿತು ಅಷ್ಟೇ. ಸಿಂಕ್ ಬೇಡ ಅಂತ ಹೇಳುತ್ತಿಲ್ಲ, ಡಿಸ್ಕ್ ಸತ್ತರೆ, ಲ್ಯಾಪ್‌ಟಾಪ್ ಕಳುವಾದರೆ ಅದು ದೇವರ ಹಾಗೆ ಕೈ ಹಿಡಿಯುತ್ತದೆ. ನಿಧಾನವಾಗಿ ಗೊತ್ತಾಗುವ ನಷ್ಟಕ್ಕೆ ಮಾತ್ರ ಅದನ್ನು ನಂಬಬಾರದು.

ಬೇಕಾಗಿರುವುದು ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಬ್ಯಾಕಪ್. ಮ್ಯಾಕ್‌ನಲ್ಲಿ 2007ರಿಂದ ಇರುವ ಟೈಮ್ ಮಷೀನ್ ಇದನ್ನು ಎಷ್ಟು ಚೆನ್ನಾಗಿ ಯೋಚಿಸಿದೆ ನೋಡಿ. ಹಿಂದಿನ 24 ಗಂಟೆಗೆ ಗಂಟೆಗೊಂದು, ಹಿಂದಿನ ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು. ಡಿಸ್ಕ್ ತುಂಬಿದಾಗ ತೀರಾ ಹಳೆಯದನ್ನು ಬಿಡುತ್ತದೆ. ಹತ್ತಿರದ ತಪ್ಪಿಗೆ ಗಂಟೆಗಳ ಲೆಕ್ಕ, ದೂರದ ತಪ್ಪಿಗೆ ವಾರಗಳ ಲೆಕ್ಕ. ವಿಂಡೋಸ್‌ನಲ್ಲಿ 8ನೇ ಆವೃತ್ತಿಯಿಂದ ಫೈಲ್ ಹಿಸ್ಟರಿ ಇದೆ. ಆನ್ ಮಾಡಿಟ್ಟರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಹಾಕುತ್ತದೆ, ನೀವು ಬೇರೆ ಹೇಳದಿದ್ದರೆ ಹಳೆಯದೆಲ್ಲವನ್ನೂ ಇಟ್ಟುಕೊಳ್ಳುತ್ತದೆ. ವಿಂಡೋಸ್ 11ರಲ್ಲಿ ಇದು ಹಳೆಯ ಕಂಟ್ರೋಲ್ ಪ್ಯಾನಲ್‌ನ ಮೂಲೆಯಲ್ಲಿದೆ, ಹುಡುಕಿ ತೆಗೆಯಬೇಕು. ಒಳ್ಳೆಯ ಸಾಧನವನ್ನು ಹೀಗೆ ಮೂಲೆಗೆ ತಳ್ಳಿರುವುದು ನನಗೆ ಬೇಜಾರಿನ ಸಂಗತಿ. ಲಿನಕ್ಸ್‌ನಲ್ಲಿ ಟೈಮ್‌ಶಿಫ್ಟ್ ಬಳಸುವವರು ಒಂದು ನೆನಪಿಡಿ, ಅದು ರಿಸ್ಟೋರ್ ಪಾಯಿಂಟಿನ ಜಾತಿಯದು, ನೀವಾಗಿ ಹೇಳದಿದ್ದರೆ ನಿಮ್ಮ ಹೋಮ್ ಫೋಲ್ಡರನ್ನು ಬಿಟ್ಟುಬಿಡುತ್ತದೆ.

ಫೈಲ್ ಹಿಸ್ಟರಿ ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತರಹದ ಗೊತ್ತಾದ ಜಾಗಗಳನ್ನು. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್, ಸಿ ಡ್ರೈವ್‌ನ ಬುಡದಲ್ಲೇ ಲೆಕ್ಕದ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಡೇಟಾ, ಆ್ಯಪ್‌ಡೇಟಾ ಅನ್ನುವ ಕಾಣದ ಫೋಲ್ಡರ್‌ನೊಳಗಿನ ಬ್ರೌಸರ್ ಬುಕ್‌ಮಾರ್ಕ್‌ಗಳು ಇದರಲ್ಲಿ ತಾವಾಗಿ ಸೇರುವುದಿಲ್ಲ. ಒಂದು ಸಂಜೆ ಕೂತು, ದಿನಾ ಬಳಸುವ ಒಂದೊಂದು ಪ್ರೋಗ್ರಾಮ್ ತೆರೆದು, ಇದು ತನ್ನ ಫೈಲ್‌ಗಳನ್ನು ಎಲ್ಲಿ ಇಡುತ್ತದೆ ಅಂತ ಪತ್ತೆ ಮಾಡಿ ಬರೆದಿಟ್ಟುಕೊಳ್ಳುವುದು ತುಂಬ ಉಪಯೋಗದ ಕೆಲಸ. ಸ್ವಲ್ಪ ಬೇಸರ ಬರುತ್ತದೆ, ಆದರೂ ಮಾಡಿ.

ಇಡೀ ಸಿಸ್ಟಮ್‌ನ ಇಮೇಜ್, ಅಂದರೆ ವಿಂಡೋಸ್, ಪ್ರೋಗ್ರಾಮ್ ಎಲ್ಲ ಸೇರಿದ ಪೂರ್ತಿ ನಕಲು, ತೆಗೆದಿಡಬೇಕಾ ಅಂತ ಕೇಳುವವರಿದ್ದಾರೆ. ತೆಗೆದಿಟ್ಟರೆ ಒಳ್ಳೆಯದೇ, ಸಮಯ ಉಳಿಯುತ್ತದೆ. ವಿಂಡೋಸ್‌ನ ಒಳಗಿರುವ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ಬೆಳೆಸುವುದನ್ನು ನಿಲ್ಲಿಸಿದೆ, ಬೇರೆಯವರ ಸಾಫ್ಟ್‌ವೇರ್ ಬಳಸಿ ಅಂತ ಅದೇ ಹೇಳುತ್ತದೆ. ಮನೆಯ ಕಂಪ್ಯೂಟರ್‌ಗೆ ಇದು ಎರಡನೇ ಮಾತು. ವಿಂಡೋಸನ್ನು ಮತ್ತೆ ಹಾಕಬಹುದು, ಪ್ರೋಗ್ರಾಮ್‌ಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಮಗು ಮೊದಲ ಸಲ ನಡೆದ ವೀಡಿಯೋ ಎಲ್ಲಿಂದ ಇಳಿಸಿಕೊಳ್ಳುತ್ತೀರಿ?

ಹೇಗೂ ಡೇಟಾ ರಿಕವರಿ ಸಾಫ್ಟ್‌ವೇರ್ ಇದೆಯಲ್ಲ ಅನ್ನುವ ಧೈರ್ಯ ಹಳೆಯ ಹಾರ್ಡ್ ಡಿಸ್ಕ್‌ಗಳ ಕಾಲದ್ದು. ಅದರಲ್ಲಿ ಫೈಲ್ ಅಳಿಸಿದರೂ ಅದರ ಮೇಲೆ ಬೇರೇನೋ ಬರೆಯುವವರೆಗೆ ಮಾಹಿತಿ ಅಲ್ಲೇ ಬಿದ್ದಿರುತ್ತಿತ್ತು. ಈಗಿನ ಕಂಪ್ಯೂಟರ್‌ಗಳ ಚಿಪ್ ಆಧಾರಿತ ಡ್ರೈವ್ ಆದ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಇದೆ. ಅಳಿಸಿದ ಜಾಗ ಇನ್ನು ಬೇಡ ಅಂತ ವಿಂಡೋಸ್ ಡ್ರೈವ್‌ಗೆ ಹೇಳಿಬಿಡುತ್ತದೆ, ಡ್ರೈವ್ ಅದನ್ನು ತನ್ನ ಪಾಡಿಗೆ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಅಲ್ಲಿ ಹುಡುಕಲು ಏನೂ ಇರುವುದಿಲ್ಲ. ಹಳೆಯ ಡಿಸ್ಕ್‌ಗಳು ಎಷ್ಟೋ ಸಲ ಟಕ್ ಟಕ್ ಅಂತ ಸದ್ದು ಮಾಡಿ ಎಚ್ಚರಿಸಿ ಸಾಯುತ್ತಿದ್ದವು. ಎಸ್‌ಎಸ್‌ಡಿ ಸುಳಿವೇ ಕೊಡದೆ ಒಂದು ದಿನ ಕಾಣದಾಗಬಹುದು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ: ಈ 3-2-1 ನಿಯಮವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್. ಮತ್ತೆ ತೆಗೆಯಲಾಗದ ಚಿತ್ರಗಳನ್ನು ಕಾಯಬೇಕಾದವರಿಂದಲೇ ಈ ನಿಯಮ ಬಂದಿದ್ದರಲ್ಲಿ ಅರ್ಥ ಇದೆ. ಮನೆಗೆ ಇದನ್ನು ನಾನು ಹೀಗೆ ಇಳಿಸಿಕೊಳ್ಳುತ್ತೇನೆ. ಎರಡು ಎಕ್ಸ್‌ಟರ್ನಲ್ ಡಿಸ್ಕ್. ಒಂದು ಮನೆಯಲ್ಲಿ, ಇನ್ನೊಂದು ನಂಬುವವರ ಮನೆಯಲ್ಲಿ. ಆಗಾಗ ಅದಲು ಬದಲು. ಅದಲು ಬದಲಿನಿಂದ ಒಂದು ಲಾಭ ತಾನಾಗಿ ಬರುತ್ತದೆ, ಹೊರಗಿರುವ ಡಿಸ್ಕ್ ಯಾವಾಗಲೂ ಸ್ವಲ್ಪ ಹಳೆಯ ದಿನದ್ದಾಗಿರುತ್ತದೆ. ಇವತ್ತಿನ ತಪ್ಪು ಅದನ್ನು ಇನ್ನೂ ಮುಟ್ಟಿರುವುದಿಲ್ಲ. ಮತ್ತೆ, ಕೆಲಸ ಮುಗಿದ ಮೇಲೆ ಡಿಸ್ಕ್ ಕಿತ್ತಿಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕ್ ರ್ಯಾನ್ಸಮ್‌ವೇರ್‌ಗೂ ಸಿಡಿಲಿಗೂ ಒಟ್ಟಿಗೇ ಸಿಗುತ್ತದೆ.

ಬ್ಯಾಕಪ್ ಆಗುತ್ತಿದೆ ಅಂತ ಹಸಿರು ಟಿಕ್ ಕಂಡರೆ ಸಾಲದು. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನುವ ಕಂಪನಿಯಲ್ಲಿ ಇಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಹಲವು ವ್ಯವಸ್ಥೆಗಳಿದ್ದವು, ನೋಡಿದರೆ ಬೇಕಾದಾಗ ಒಂದೂ ನೆಟ್ಟಗಿರಲಿಲ್ಲ. ಡೇಟಾಬೇಸ್ ನಕಲು ತೆಗೆಯುವ ಪ್ರೋಗ್ರಾಮ್‌ನ ಆವೃತ್ತಿ ಹೊಂದದೆ ಅದು ಸೋಲುತ್ತಲೇ ಇತ್ತು. ಸೋತಿದೆ ಅಂತ ಹೇಳುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಹಾಗಾಗಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಕೊನೆಗೆ ಕಾಪಾಡಿದ್ದು ಅಳಿಸುವುದಕ್ಕೆ ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ. ಬ್ಯಾಕಪ್ ನಿಂತುಹೋದ ದಿನ ಒಂದು, ಅದು ಗೊತ್ತಾದ ದಿನ ಇನ್ನೊಂದು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದರು, ಸರಿಮಾಡುವ ಕೆಲಸದ ನೇರಪ್ರಸಾರವನ್ನೂ ಮಾಡಿದರು. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ತುಂಬ ಗೌರವ ಇದೆ.

ಮನೆಯಲ್ಲಿ ಪರೀಕ್ಷೆ ಮಾಡುವುದು ಕಷ್ಟವಲ್ಲ. ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತನ್ನಿ. ಹೊಸದು ಬೇಡ, ಕೆಲವು ತಿಂಗಳ ಹಿಂದಿನ ಆವೃತ್ತಿ ಇರುವಂಥದ್ದು ಆರಿಸಿ. ಮೂಲದ ಮೇಲೆ ಹಾಕದೆ ಡೆಸ್ಕ್‌ಟಾಪ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ತನ್ನಿ. ತೆರೆದು ನೋಡಿ. ಹೆಸರು ಕಂಡರೆ ಸಾಲದು, ಗಾತ್ರ ಸೊನ್ನೆ ಇರಬಹುದು, ಒಳಗೆ ಕಸ ಇರಬಹುದು. ಫೋಟೋ ಆದರೆ ಕೊನೆಯ ಅಂಚಿನವರೆಗೂ ಸರಿಯಾಗಿದೆಯಾ, ವೀಡಿಯೋ ಆದರೆ ನಡುವೆ ಒಂದು ಕಡೆ ಓಡಿಸಿದರೆ ಓಡುತ್ತದಾ. ಆಮೇಲೆ ಅದೇ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ ತೆರೆದುಕೊಳ್ಳುತ್ತದಾ ನೋಡಿ. ಬೇಕಾಗುವ ದಿನ ನಿಮ್ಮ ಈ ಕಂಪ್ಯೂಟರ್ ಇರುವುದೇ ಇಲ್ಲವಲ್ಲ.

ಇದನ್ನು ಒಮ್ಮೆ ಮನೆಯ ಇನ್ನೊಬ್ಬರ ಕೈಯಲ್ಲೂ ಮಾಡಿಸಿ. ಹೆಚ್ಚಿನ ಮನೆಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ಒಬ್ಬರೇ ಇರುತ್ತಾರೆ, ಡಿಸ್ಕ್ ಎಲ್ಲಿದೆ, ಬ್ಯಾಕಪ್ ಎನ್‌ಕ್ರಿಪ್ಟ್ ಮಾಡಿದ ಪಾಸ್‌ವರ್ಡ್ ಯಾವುದು ಅಂತ ಅವರ ತಲೆಯಲ್ಲಿ ಮಾತ್ರ. ಅವರು ಆಸ್ಪತ್ರೆಯಲ್ಲಿದ್ದಾಗ ಇನ್ಶೂರೆನ್ಸ್ ಕಾಗದದ ಸ್ಕ್ಯಾನ್ ಬೇಕಾದರೆ ಯಾರು ತೆಗೆಯಬೇಕು? ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಬೇಡಿ. ಆ 48 ಅಂಕಿಗಳ ಜೊತೆ ನಾಲ್ಕು ಸಾಲು ಬರೆದಿಟ್ಟು, ಅದನ್ನು ಓದಿಕೊಂಡು ಅವರೇ ಒಂದು ಫೈಲ್ ಹೊರಗೆ ತರಲಿ. ಎಲ್ಲಿ ತಡೆದು ನಿಂತರು ಅನ್ನುವುದನ್ನು ನೋಡಿಕೊಂಡು ಆ ಸಾಲನ್ನು ತಿದ್ದಿ ಬರೆಯಿರಿ.